ಅಮ್ಮನ ವೀಸಾ ಅರ್ಜಿಯಲ್ಲಿ ‘ಇಲ್ಲ’ ಎಂದು ತುಂಬಿಬಿಟ್ಟಿದ್ದಾರೆ, 84 ದಿನ ಹೆಚ್ಚಿಗೆ ಉಳಿದದ್ದು ನಿಜ. ಈಗ ತಿದ್ದುವುದು ಹೇಗೆ?

ತುಂಗಾತೀರ · ಸೋಮವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಉದ್ದವಾಗಿ ಬರೆಯುತ್ತಿದ್ದೇನೆ, ಬೇಸರಿಸಬೇಡಿ. ಅರ್ಧ ಹೇಳಿ ಕೇಳಿದರೆ ಉತ್ತರವೂ ಅರ್ಧವೇ ಸಿಗುತ್ತದೆ.

ನಾನಿರುವುದು ಡಲ್ಲಾಸ್‌ನಲ್ಲಿ. ಅಮ್ಮ ತೀರ್ಥಹಳ್ಳಿಯಲ್ಲಿದ್ದಾರೆ, ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರಾಗಿದ್ದು ನಿವೃತ್ತರಾದವರು. 2014ರಲ್ಲಿ ಅವರಿಗೆ ಹತ್ತು ವರ್ಷದ ಬಿ-2 ಪ್ರವಾಸಿ ವೀಸಾ ಸಿಕ್ಕಿತ್ತು. ನನ್ನ ಮೊದಲ ಬಾಣಂತನಕ್ಕೆಂದು 2019ರ ಡಿಸೆಂಬರ್ 14ರಂದು ಬಂದರು. ವಿಮಾನ ನಿಲ್ದಾಣದಲ್ಲಿ ಆರು ತಿಂಗಳು ಕೊಟ್ಟರು, ಅಂದರೆ 2020ರ ಜೂನ್ 13ರವರೆಗೆ. ಮೇ ತಿಂಗಳಿಗೆ ವಾಪಸ್ ಟಿಕೆಟ್ ಇತ್ತು. ಮುಂದಿನದು ನಿಮಗೆಲ್ಲ ಗೊತ್ತಿರುವುದೇ. ಮಾರ್ಚ್ ಕೊನೆಯ ವಾರದಲ್ಲಿ ಭಾರತಕ್ಕೆ ಹೋಗುವ ವಿಮಾನಗಳು ನಿಂತವು, ನಮ್ಮ ಟಿಕೆಟ್ ರದ್ದಾಯಿತು. ಎಳೆ ಮಗು, ರಾತ್ರಿ ನಿದ್ದೆಯಿಲ್ಲ, ಹೊರಗೆ ಕಾಲಿಡುವಂತಿಲ್ಲ. ಪಾಸ್‌ಪೋರ್ಟ್ ತೆರೆದಾಗಲೆಲ್ಲ ವೀಸಾ ಮೇಲೆ 2024 ಎಂದು ಕಾಣುತ್ತಿತ್ತು, ಅದನ್ನೇ ನಂಬಿಕೊಂಡು ಕುಳಿತೆವು. ಅವಧಿ ವಿಸ್ತರಣೆಗೆ ಅರ್ಜಿ ಹಾಕಬೇಕೆಂಬುದು ಹೊಳೆಯಲೇ ಇಲ್ಲ. ಕೊನೆಗೆ, ಕೋವಿಡ್‌ನಿಂದ ಸಿಕ್ಕಿಕೊಂಡವರನ್ನು ಕರೆತರಲು ಭಾರತ ಸರ್ಕಾರ ಬಿಟ್ಟ ವಂದೇ ಭಾರತ್ ವಿಮಾನದಲ್ಲಿ ಸೀಟು ಸಿಕ್ಕಿ ಸೆಪ್ಟೆಂಬರ್ 5ರಂದು ಹೊರಟರು. ಎಣಿಸಿ ನೋಡಿದ್ದೇನೆ, 84 ದಿನ.

ಆಮೇಲೆ ಅವರು ಬಂದಿಲ್ಲ. ವೀಸಾ ಮುಗಿದುಹೋಯಿತು. ಈಗ ಎರಡನೆಯ ಮಗುವಿನ ನಿರೀಕ್ಷೆಯಲ್ಲಿದ್ದೇನೆ, ಅಮ್ಮ ಬರಲೇಬೇಕು. ಊರಿನ ಏಜೆಂಟರೊಬ್ಬರು ಡಿಎಸ್-160 ಎಂಬ ವೀಸಾ ಅರ್ಜಿ ತುಂಬಿ ಸಲ್ಲಿಸಿದ್ದಾರೆ, ಚೆನ್ನೈನಲ್ಲಿ ಸಂದರ್ಶನಕ್ಕೆ ಇನ್ನು ಮೂರು ವಾರವಿದೆ. ನಿನ್ನೆ ರಾತ್ರಿ ಆ ಅರ್ಜಿಯ ಪ್ರತಿ ತರಿಸಿಕೊಂಡು ಓದಿದೆ. ‘ಅಧಿಕಾರಿ ಕೊಟ್ಟ ಅವಧಿಯನ್ನು ಮೀರಿ ಅಮೆರಿಕದಲ್ಲಿ ಎಂದಾದರೂ ಉಳಿದಿದ್ದೀರಾ’ ಎಂಬ ಪ್ರಶ್ನೆಗೆ ‘ಇಲ್ಲ’ ಎಂದು ಹಾಕಿದ್ದಾರೆ. ‘ಅರ್ಜಿ ತುಂಬಲು ಯಾರಾದರೂ ನೆರವಾದರೇ’ ಎಂಬುದಕ್ಕೂ ‘ಇಲ್ಲ’! ಫೋನ್ ಮಾಡಿ ಕೇಳಿದರೆ, “ಹೌದು ಅಂತ ಹಾಕಿದರೆ ವೀಸಾ ಆಗುವುದಿಲ್ಲ ಮೇಡಂ, ನಾವು ಎಲ್ಲರಿಗೂ ಹೀಗೆಯೇ ಹಾಕುವುದು” ಎಂದರು.

ಅಮ್ಮನಿಗೆ ಹೇಳಿದಾಗ ಒಂದು ನಿಮಿಷ ಮಾತೇ ಇಲ್ಲ. ಆಮೇಲೆ, “ನನ್ನ ಹೆಸರಿನಲ್ಲಿ ಸುಳ್ಳು ಬರೆದಿದ್ದಾನಲ್ಲ ಅವನು” ಎಂದರು. ಏನು ಮಾಡಲಿ?

ಬಯಲುಸೀಮೆ

ಏನೂ ಮಾಡಬೇಡಿ. ನಮ್ಮ ತಂದೆಯವರೂ 2020ರಲ್ಲಿ ಮೂರು ತಿಂಗಳು ಹೆಚ್ಚಿಗೆ ಇದ್ದರು. ಹೋದ ವರ್ಷ ‘ಇಲ್ಲ’ ಎಂದೇ ಹಾಕಿದೆವು, ಸಂದರ್ಶನವೂ ಇಲ್ಲದೆ ವೀಸಾ ಬಂತು. ಕೋವಿಡ್ ಸಮಯದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡ ಹಾಗಾದೀತು.

ಕಾಗದಪತ್ರ

ಬಯಲುಸೀಮೆ ಅವರೇ, ಒಂದು ಪ್ರಶ್ನೆ. ನಿಮ್ಮ ತಂದೆಯವರು ಅವಧಿ ಮುಗಿಯುವ ಮುನ್ನ, ವಿಸ್ತರಣೆ ಕೇಳುವ ಐ-539 ಅರ್ಜಿ ಹಾಕಿದ್ದರೇ?

ಬಯಲುಸೀಮೆ

ಹಾಕಿದ್ದೆವು. ಅದರ ಉತ್ತರ ಬರುವ ಮೊದಲೇ ಅವರು ಊರಿಗೆ ಹೊರಟರು. ಸ್ವೀಕೃತಿ ಪತ್ರ ಈಗಲೂ ಇದೆ. ಅದರಿಂದೇನು?

ಕಾಗದಪತ್ರ

ಅದರಿಂದಲೇ ಎಲ್ಲ. ನಾನು ವಕೀಲನಲ್ಲ. ನ್ಯೂಜೆರ್ಸಿಯಲ್ಲಿ ವಲಸೆ ವಕೀಲರೊಬ್ಬರ ಕಚೇರಿಯಲ್ಲಿ ಹನ್ನೊಂದು ವರ್ಷದಿಂದ ಕಡತ ಜೋಡಿಸುವ ಕೆಲಸ ನನ್ನದು. ಅವಧಿಯೊಳಗೆ ನಿಜವಾದ ಕಾರಣ ಕೊಟ್ಟು ವಿಸ್ತರಣೆ ಕೇಳಿ, ಅದು ತೀರ್ಮಾನವಾಗದೆ ಇರುವಾಗಲೇ ಹೊರಟುಬಿಟ್ಟವರನ್ನು ಅವಧಿ ಮೀರಿದವರೆಂದು ಪರಿಗಣಿಸುವುದಿಲ್ಲ. ನಿಮ್ಮ ತಂದೆಯವರ ‘ಇಲ್ಲ’ಕ್ಕೆ ಸಮರ್ಥನೆ ಇದೆ. ತುಂಗಾತೀರ ಅವರ ತಾಯಿ ಅರ್ಜಿಯನ್ನೇ ಹಾಕಿಲ್ಲ. ಎರಡು ಮನೆಯ ಕಥೆ ಒಂದೇ ರೀತಿ ಕೇಳಿಸುತ್ತದೆ, ಕಾಗದ ಮಾತ್ರ ಬೇರೆ. ನಿಮ್ಮ ಔಷಧಿಯನ್ನು ಅವರಿಗೆ ಕುಡಿಸಬೇಡಿ.

ತುಂಗಾತೀರ ಅವರೇ, ನಿಮ್ಮ ವಿಷಯಕ್ಕೆ ಬರುತ್ತೇನೆ. ಇದರಲ್ಲಿ ಮೂರು ಸಂಗತಿಗಳು ಕಲಸಿಕೊಂಡಿವೆ, ಬಿಡಿಸಿ ನೋಡಬೇಕು.

ವೀಸಾ ಎಂದರೆ ಬಾಗಿಲು ತಟ್ಟಲು ಸಿಗುವ ಅನುಮತಿ, ಅಷ್ಟೇ. ಒಳಗೆ ಎಷ್ಟು ದಿನ ಇರಬಹುದು ಎಂಬುದನ್ನು ಹೇಳುವುದು ಪ್ರವೇಶದ ವೇಳೆ ಕೊಡುವ ಐ-94 ಎಂಬ ದಾಖಲೆ. ಆ ದಿನಾಂಕ ದಾಟಿದ ದಿನದಿಂದ ‘ಕಾನೂನುಬಾಹಿರ ವಾಸ’ದ ಎಣಿಕೆ ಶುರುವಾಗುತ್ತದೆ. 180 ದಿನಕ್ಕಿಂತ ಹೆಚ್ಚಿಗೆ, ಆದರೆ ಒಂದು ವರ್ಷಕ್ಕಿಂತ ಕಡಿಮೆ ಉಳಿದು ತಾವಾಗಿ ಹೊರಟರೆ ಮೂರು ವರ್ಷ ಮತ್ತೆ ಪ್ರವೇಶವಿಲ್ಲ. ಒಂದು ವರ್ಷ ಅಥವಾ ಅದಕ್ಕೂ ಮೇಲಾದರೆ ಹತ್ತು ವರ್ಷ. ನಿಮ್ಮ ತಾಯಿಯದು 84 ದಿನ, ಆದ್ದರಿಂದ ಈ ಎರಡೂ ನಿಷೇಧಗಳು ಅವರಿಗೆ ತಾಗುವುದಿಲ್ಲ.

ಇನ್ನೊಂದು, ಅಮೆರಿಕದ ವಲಸೆ ಕಾನೂನಿನ 222(ಜಿ) ಎಂಬ ವಿಧಿ. ಐ-94 ದಾಟಿ ಒಂದು ದಿನ ಉಳಿದರೂ ಸಾಕು, ಪಾಸ್‌ಪೋರ್ಟ್‌ನಲ್ಲಿರುವ ವೀಸಾ ತಾನಾಗಿಯೇ ರದ್ದಾಗುತ್ತದೆ. ಯಾರೂ ಪತ್ರ ಬರೆದು ತಿಳಿಸುವುದಿಲ್ಲ, ಅದರ ಮೇಲೆ ಮೊಹರು ಹೊಡೆಯುವುದೂ ಇಲ್ಲ. ನಿಮ್ಮ ತಾಯಿಯ ವೀಸಾ 2024ರವರೆಗೆ ಎಂದು ಅಚ್ಚಾಗಿದ್ದರೂ 2020ರ ಜೂನ್‌ನಲ್ಲಿಯೇ ಸತ್ತಿತ್ತು. ಆ ನಡುವೆ ಅವರು ಪ್ರಯಾಣ ಮಾಡದೆ ಇದ್ದದ್ದು ಪುಣ್ಯ. ಈಗ ಸ್ವದೇಶದಲ್ಲಿಯೇ ಹೊಸ ವೀಸಾ ಕೇಳಬೇಕು, ಅದನ್ನೇ ಮಾಡುತ್ತಿದ್ದೀರಿ.

ನನಗೆ ಭಯವಿರುವುದು ಮೂರನೆಯದರ ಬಗ್ಗೆ, ಆ ‘ಇಲ್ಲ’ದ ಬಗ್ಗೆ. ಬೇಕೆಂದೇ ಸುಳ್ಳು ಮಾಹಿತಿ ಕೊಟ್ಟರೆಂದು 212(ಎ)(6)(ಸಿ) ವಿಧಿಯಡಿ ಬರೆದುಬಿಟ್ಟರೆ ಅದಕ್ಕೆ ಮೂರು ವರ್ಷ, ಹತ್ತು ವರ್ಷ ಎಂಬ ಮಿತಿಯಿಲ್ಲ. ಜೀವಮಾನದ ನಿಷೇಧ. ಆಮೇಲೆ ಪ್ರತಿ ಸಲವೂ ವಿಶೇಷ ವಿನಾಯಿತಿ ಬೇಡುತ್ತ ಕೂರಬೇಕು. 84 ದಿನ ಹೆಚ್ಚಿಗೆ ಇದ್ದದ್ದು ಕ್ಷಮೆಗೆ ಅರ್ಹವಾದ ತಪ್ಪು. ಅದನ್ನು ಮುಚ್ಚಿಡುವುದು ಕ್ಷಮೆಯಿಲ್ಲದ ತಪ್ಪಾಗಬಹುದು. ನಿಮ್ಮ ಏಜೆಂಟರು ಸಣ್ಣ ಗಾಯಕ್ಕೆ ಕಾಲನ್ನೇ ಕತ್ತರಿಸಲು ಹೊರಟಿದ್ದಾರೆ.

ಇದಕ್ಕೆ ದಾರಿಯಿದೆ. ಅಧಿಕಾರಿ ಹಿಡಿಯುವುದಕ್ಕೆ ಮೊದಲೇ, ಸಿಕ್ಕ ಮೊದಲ ಅವಕಾಶದಲ್ಲಿ, ಅರ್ಜಿದಾರರು ತಾವಾಗಿ ತಪ್ಪನ್ನು ಹಿಂತೆಗೆದುಕೊಂಡರೆ ಅದನ್ನು ಸುಳ್ಳೆಂದು ಎಣಿಸುವುದಿಲ್ಲ. ‘ಸಕಾಲದಲ್ಲಿ’ ಎಂಬ ಪದಕ್ಕೆ ಅಲ್ಲಿ ಬಹಳ ತೂಕವಿದೆ. ಅವರೇ ಪ್ರಶ್ನೆ ಕೇಳಿ, ನೀವು ತಡವರಿಸಿ, ಆಮೇಲೆ ಒಪ್ಪಿಕೊಂಡರೆ ಅದು ಸಕಾಲವಲ್ಲ.

ಗಿರಿಜಕ್ಕ

ನಮ್ಮ ಬೀದಿಯ ಒಬ್ಬ ಹಿರಿಯರಿಗೆ ಇದೇ 222(ಜಿ) ಗಂಟುಬಿದ್ದಿತ್ತು. ವೀಸಾದಲ್ಲಿ ಇನ್ನೂ ನಾಲ್ಕು ವರ್ಷವಿದೆ ಎಂದು ಚಕ್ಕುಲಿ, ಕೋಡುಬಳೆ, ಹುಣಸೆ ತೊಕ್ಕು ಕಟ್ಟಿಕೊಂಡು ಹೋದರು. ಅಲ್ಲಿ ವಿಮಾನ ನಿಲ್ದಾಣದಲ್ಲಿ ಕೂರಿಸಿ, ನಿಮ್ಮ ವೀಸಾ ನಡೆಯುವುದಿಲ್ಲ ಎಂದು ಮುಂದಿನ ವಿಮಾನಕ್ಕೆ ಹತ್ತಿಸಿದರು. ಮಗ ಗಾಜಿನ ಆಚೆ ಕಾಯುತ್ತ ನಿಂತಿದ್ದನಂತೆ. ತಂಗೀ, ನಿನ್ನ ಅಮ್ಮ ಅಷ್ಟು ದೂರ ಹೋಗಿ ವಾಪಸ್ ಬರುವ ಹಾಗಾಗಬಾರದು. ಇಲ್ಲಿಯೇ ಸರಿಮಾಡಿಕೊಂಡು ಹೋಗಲಿ.

ಸರತಿಸಾಲು

ನನ್ನದು ಪ್ರವಾಸಿ ವೀಸಾ ಅಲ್ಲ, ಎಚ್-1ಬಿ ಎಂಬ ಉದ್ಯೋಗ ವೀಸಾ. ಆದರೂ ಹೇಳುತ್ತೇನೆ. ಇಲ್ಲಿ ಓದುತ್ತಿರುವ ಸಾಫ್ಟ್‌ವೇರ್ ಮಂದಿಯಲ್ಲಿ ಕೆಲವರಾದರೂ ಇದೇ ಹಳ್ಳಕ್ಕೆ ಬಿದ್ದಿರುತ್ತಾರೆ, ಗೊತ್ತಿರುವುದಿಲ್ಲ.

ಎಚ್-1ಬಿ ವಿಸ್ತರಣೆ ಮಂಜೂರಾದಾಗ ಬರುವ ಐ-797 ಪತ್ರದ ಕೆಳತುದಿಯಲ್ಲಿ ಒಂದು ಐ-94 ಇರುತ್ತದೆ. ನನ್ನದರಲ್ಲಿ ಇನ್ನೂ ಎರಡು ವರ್ಷ ಬಾಕಿಯಿತ್ತು. ತಂಗಿಯ ಮದುವೆಗೆ ಹಾಸನಕ್ಕೆ ಹೋಗಿ ಬಂದೆ. ಬರುವಾಗ ನನ್ನ ಪಾಸ್‌ಪೋರ್ಟ್ ಏಳು ತಿಂಗಳಲ್ಲಿ ಮುಗಿಯುವುದಿತ್ತು. ಅಧಿಕಾರಿ ಹೊಸ ಐ-94 ಅನ್ನು ಪಾಸ್‌ಪೋರ್ಟ್ ಮುಗಿಯುವ ದಿನಕ್ಕೇ ನಿಲ್ಲಿಸಿದ್ದರು. ನಾನು ನೋಡಲಿಲ್ಲ. ಪಾಸ್‌ಪೋರ್ಟ್ ನವೀಕರಿಸಿಕೊಂಡು ನೆಮ್ಮದಿಯಿಂದ ಇದ್ದೆ. ಹೊಸ ಪಾಸ್‌ಪೋರ್ಟ್ ಬಂದರೆ ಐ-94 ತಾನಾಗಿ ಬೆಳೆಯುವುದಿಲ್ಲ, ಮತ್ತು ಕೊನೆಯ ಪ್ರವೇಶದಲ್ಲಿ ಕೊಟ್ಟದ್ದೇ ಲೆಕ್ಕಕ್ಕೆ ಬರುವುದು, ಹಳೆಯ ಐ-797ರ ತುಂಡಲ್ಲ. ಈ ಎರಡು ವಾಕ್ಯ ಗೊತ್ತಿಲ್ಲದ್ದಕ್ಕೆ 153 ದಿನ ಮೀರಿದ್ದೆ.

ಅಷ್ಟರಲ್ಲಿ ಗ್ರೀನ್ ಕಾರ್ಡ್ ಸರತಿಯಲ್ಲಿ ನನ್ನ ದಿನಾಂಕ ಬಂತು. ಅದಕ್ಕಾಗಿ ಹಾಕುವ ಐ-485 ಅರ್ಜಿಯಲ್ಲಿ ಐ-94 ಮುಗಿಯುವ ದಿನ ಎಂಬ ಜಾಗದಲ್ಲಿ ಐ-797ರ ದಿನಾಂಕ ಬರೆದೆ. ‘ನಿಯಮ ಉಲ್ಲಂಘಿಸಿದ್ದೀರಾ’ ಎಂಬುದಕ್ಕೆ ‘ಇಲ್ಲ’. ಸುಳ್ಳು ಹೇಳುವ ಉದ್ದೇಶ ಎಳ್ಳಷ್ಟೂ ಇರಲಿಲ್ಲ, ಆದರೆ ಕಾಗದದ ಮೇಲೆ ಅದು ಸುಳ್ಳೇ. ಸಲ್ಲಿಸಿದ ಹತ್ತು ದಿನಕ್ಕೆ, ಬೇರೆ ಏನೋ ಹುಡುಕುತ್ತ ಐ-94 ಜಾಲತಾಣ ತೆರೆದಾಗ ಕಂಡಿತು. ಆ ರಾತ್ರಿ ಊಟ ಇಳಿಯಲಿಲ್ಲ.

ಮೊದಲು ವಿಮಾನ ನಿಲ್ದಾಣದ ತಿದ್ದುಪಡಿ ಕಚೇರಿಗೆ ಓಡಿದೆ. ಅಧಿಕಾರಿಯ ಕೈತಪ್ಪಿದ್ದರೆ ಅವರು ಸರಿಮಾಡುತ್ತಾರೆ. ಇದು ಕೈತಪ್ಪಲ್ಲ, ಬೇಕೆಂದೇ ಕೊಟ್ಟ ದಿನಾಂಕ ಎಂದರು. ಆಮೇಲೆ ವಕೀಲರು ಎರಡು ಕೆಲಸ ಮಾಡಿದರು. ಕಂಪನಿಯಿಂದ ತಡವಾದ ವಿಸ್ತರಣೆ ಅರ್ಜಿ ಹಾಕಿಸಿ, ಹಿಂದಿನ ದಿನಾಂಕದಿಂದಲೇ ಜಾರಿಯಾಗುವಂತೆ ಮನ್ನಿಸಬೇಕೆಂದು ಕೇಳಿದರು. ಜೊತೆಗೆ ಐ-485ಕ್ಕೆ ರಸೀದಿ ಸಂಖ್ಯೆ ನಮೂದಿಸಿ, ತಿದ್ದಿದ ಪುಟಗಳನ್ನೂ ಒಂದು ಪುಟದ ವಿವರಣೆಯನ್ನೂ ಕಳಿಸಿದರು. ಉದ್ಯೋಗ ಆಧಾರಿತ ಅರ್ಜಿದಾರರಿಗೆ 245(ಕೆ) ಎಂಬ ವಿಧಿಯಿದೆ. ಕೊನೆಯ ಕಾನೂನುಬದ್ಧ ಪ್ರವೇಶದ ನಂತರ ಇಂಥ ಲೋಪಗಳು ಒಟ್ಟು 180 ದಿನ ಮೀರದಿದ್ದರೆ ಅರ್ಜಿ ಉಳಿಯುತ್ತದೆ. 27 ದಿನದ ಅಂತರದಲ್ಲಿ ಬಚಾವಾದೆ.

ಸಂದರ್ಶನದಲ್ಲಿ ಅಧಿಕಾರಿ ಅರ್ಜಿಯನ್ನು ಸಾಲುಸಾಲಾಗಿ ಓದುತ್ತ ಕೆಂಪು ಪೆನ್ನಿನಿಂದ ಗುರುತು ಹಾಕುತ್ತಿದ್ದರು. ಆ ಪುಟ ಬಂದಾಗ ನಾನೇ, “ಇಲ್ಲಿ ತಪ್ಪಾಗಿದೆ, ಪತ್ರ ಕಳಿಸಿದ್ದೇವೆ” ಎಂದೆ. ಅವರು ದಿನಾಂಕ ಹೊಡೆದುಹಾಕಿ, ಸರಿಯಾದದ್ದನ್ನು ಬರೆದು, ತಿದ್ದುಪಡಿಗೆ ಸಂಖ್ಯೆ ಹಾಕಿದರು. ಕೊನೆಯಲ್ಲಿ ಇಷ್ಟು ತಿದ್ದುಪಡಿಗಳು ನನ್ನ ಒಪ್ಪಿಗೆಯಿಂದಲೇ ಆಗಿವೆ ಎಂಬಲ್ಲಿ ಸಹಿ ಹಾಕಿಸಿಕೊಂಡರು. ಆ ನಮೂನೆಯಲ್ಲಿ ತಿದ್ದುಪಡಿಗೆಂದೇ ಒಂದು ಜಾಗವಿದೆ ಎಂದು ನನಗೆ ಆ ದಿನವೇ ಗೊತ್ತಾದದ್ದು. ಜನ ತಪ್ಪುತ್ತಾರೆಂದು ಅವರಿಗೂ ಗೊತ್ತು.

ಬಯಲುಸೀಮೆ

ನಿಮಗೆ ವಕೀಲರಿದ್ದರು, ಕಂಪನಿಯಿತ್ತು. ಎಪ್ಪತ್ತರ ಹತ್ತಿರದ ಹೆಂಗಸು ಕಿಟಕಿಯ ಮುಂದೆ ಎರಡು ನಿಮಿಷದಲ್ಲಿ ಇದನ್ನೆಲ್ಲ ವಿವರಿಸಬೇಕೇ? ‘ಹೌದು’ ಎಂದು ನೋಡಿದ ತಕ್ಷಣ 214(ಬಿ) ಎಂದು ನಿರಾಕರಣೆಯ ಚೀಟಿ ಕೊಟ್ಟು ಕಳಿಸಿದರೆ?

ಕಾಗದಪತ್ರ

ಕೊಡಬಹುದು. ಹಿಂದೆ ಅವಧಿ ಮೀರಿದವರು ಈ ಸಲ ಹಿಂತಿರುಗುತ್ತಾರೆಂದು ಅಧಿಕಾರಿ ನಂಬಬೇಕಲ್ಲ. ನಾನು ಖಾತರಿ ಕೊಡಲಾರೆ. ಆದರೆ 214(ಬಿ) ಎಂದರೆ ಇವತ್ತಿಗೆ ‘ಇಲ್ಲ’ ಎಂದು. 185 ಡಾಲರ್ ಶುಲ್ಕ ಕಟ್ಟಿ ಮತ್ತೆ ಕೇಳಬಹುದು. ಸುಳ್ಳಿನ ಕಾರಣಕ್ಕೆ ಜೀವಮಾನದ ನಿಷೇಧ ಬಿದ್ದರೆ ಹಾಗೆ ಕೇಳಲಾಗದು. ಮತ್ತೆ, ಅವರಿಗೆ ಗೊತ್ತಾಗುವುದಿಲ್ಲ ಎಂದುಕೊಂಡಿದ್ದೀರಾ? ವಿಮಾನ ಸಂಸ್ಥೆ ಕೊಡುವ ಪ್ರಯಾಣಿಕರ ಪಟ್ಟಿಯಿಂದಲೇ ಹೊರಟ ದಿನ ದಾಖಲಾಗುತ್ತದೆ. ತುಂಗಾತೀರ ಅವರೇ, ಐ-94 ಜಾಲತಾಣದಲ್ಲಿ ತಾಯಿಯ ಪಾಸ್‌ಪೋರ್ಟ್ ಸಂಖ್ಯೆ ಹಾಕಿ ಪ್ರಯಾಣದ ಇತಿಹಾಸ ನೋಡಿ.

ತುಂಗಾತೀರ · ಮಂಗಳವಾರ

ನೋಡಿದೆ. ಬಂದ ದಿನ, ಹೊರಟ ದಿನ ಎರಡೂ ಅಲ್ಲಿವೆ. ಮರೆಮಾಚಲು ಏನೂ ಉಳಿದಿಲ್ಲ ಎಂದಾದ ಮೇಲೆ ಮನಸ್ಸು ಹಗುರವಾಯಿತು. ಅಮ್ಮನಿಗಂತೂ ಮೊದಲಿನಿಂದಲೂ ಸಂಶಯವೇ ಇರಲಿಲ್ಲ.

ಈಗ ತಾಂತ್ರಿಕ ತೊಡಕು. ಸಲ್ಲಿಸಿದ ಅರ್ಜಿಯನ್ನು ತೆರೆಯಲು ಹೋದರೆ ಭದ್ರತಾ ಪ್ರಶ್ನೆ ಕೇಳುತ್ತದೆ: ‘ನಿಮ್ಮ ತಾಯಿಯ ತಾಯಿಯ ಹೆಸರೇನು?’ ನಮ್ಮ ಮುತ್ತಜ್ಜಿ ಭಾಗೀರಥಮ್ಮ. ನಾಲ್ಕು ರೀತಿಯ ಕಾಗುಣಿತ ಹಾಕಿದರೂ ತೆರೆಯಲಿಲ್ಲ. ಏಜೆಂಟರನ್ನು ಕೇಳಿದರೆ, ‘ಎಬಿಸಿ’ ಎಂದು ಹಾಕಿದ್ದೇನೆ, ಎಲ್ಲರಿಗೂ ಅದೇ ಎಂದರು. ತಾಲ್ಲೂಕಿನ ಅರ್ಧ ಜನರ ಮುತ್ತಜ್ಜಿ ಎಬಿಸಿಯಮ್ಮ!

ಕಾಗದಪತ್ರ

ನಕ್ಕು ಸಾಕಾಯಿತು. ಸಲ್ಲಿಸಿದ ಡಿಎಸ್-160ರ ಒಳಗೆ ಕೈಹಾಕಿ ತಿದ್ದಲು ಆಗುವುದಿಲ್ಲ. ಹಳೆಯದರ ಮಾಹಿತಿಯನ್ನು ಎಳೆದುಕೊಂಡು ಹೊಸ ಅರ್ಜಿ ಮಾಡಬಹುದು, ಅಥವಾ ಮೊದಲಿನಿಂದ ತುಂಬಬಹುದು. ನನ್ನ ಮಾತು ಕೇಳಿದರೆ ಮೊದಲಿನಿಂದಲೇ ತುಂಬಿ. ಆ ಮಹಾಶಯರು ಇನ್ನೆಲ್ಲಿ ಏನು ಹಾಕಿದ್ದಾರೋ ಬಲ್ಲವರಾರು. ಡಿಎಸ್-160ಕ್ಕೆ ಬೇರೆ ಶುಲ್ಕವಿಲ್ಲ, ಕಟ್ಟಿದ ಹಣ ಸಂದರ್ಶನದ ಖಾತೆಗೆ ಸೇರಿದ್ದು. ಹೊಸ ದೃಢೀಕರಣ ಸಂಖ್ಯೆಯನ್ನು ಆ ಖಾತೆಯಲ್ಲಿ ಬದಲಿಸಿಕೊಳ್ಳಿ. ಇದನ್ನು ಮರೆತರೆ ಕಿಟಕಿಯಲ್ಲಿ ಹಳೆಯ ಅರ್ಜಿಯೇ ತೆರೆದುಕೊಂಡೀತು. ಎರಡೂ ದೃಢೀಕರಣ ಪುಟಗಳನ್ನು ಕೈಯಲ್ಲಿ ಒಯ್ಯಲಿ.

ನೆರವಾದವರ ಪ್ರಶ್ನೆಗೆ ಈ ಸಲ ನಿಮ್ಮ ಹೆಸರು ಬರಲಿ. ಕೊನೆಯಲ್ಲಿ ಸಹಿ ಮಾಡುವ ಗುಂಡಿಯನ್ನು ತಾಯಿಯೇ ಒತ್ತಬೇಕು. ಯಾರು ತುಂಬಿದರೂ ಉತ್ತರಗಳಿಗೆ ಹೊಣೆ ಅರ್ಜಿದಾರರೇ. ‘ಏಜೆಂಟ್ ಮಾಡಿದ್ದು’ ಎಂಬುದು ವಿವರಣೆಯಾದೀತು, ಸಮಜಾಯಿಷಿಯಾಗದು.

ತುಂಗಾತೀರ

‘ಹೌದು’ ಒತ್ತಿದರೆ ವಿವರಿಸಲು ಒಂದು ಪೆಟ್ಟಿಗೆ ತೆರೆಯುತ್ತದೆ. ನಾನು ಬರೆದಿರುವುದು: ಅಮ್ಮ ಜೀವಮಾನದಲ್ಲಿ ಕಾನೂನು ಮುರಿದವರಲ್ಲ, ಶಿಕ್ಷಕಿಯಾಗಿ ಗೌರವದಿಂದ ಬಾಳಿದವರು, ಮಹಾಮಾರಿಯ ಭೀಕರ ದಿನಗಳಲ್ಲಿ ಎಳೆಗೂಸಿನೊಂದಿಗೆ ನಾವು ದಿಕ್ಕು ತೋಚದೆ, ದಯವಿಟ್ಟು ಮನ್ನಿಸಿ... ಹೀಗೆ ಹದಿನಾಲ್ಕು ಸಾಲು.

ಕಾಗದಪತ್ರ

ಹದಿಮೂರು ತೆಗೆಯಿರಿ. ಅದನ್ನು ಓದುವವರು ಆ ದಿನ ನೂರು ಅರ್ಜಿ ಓದಿರುತ್ತಾರೆ. ಅವರಿಗೆ ಬೇಕಾದದ್ದು ದಿನಾಂಕ, ಕಣ್ಣೀರಲ್ಲ. ಹೀಗೆ ಬರೆಯಿರಿ:

‘ನನ್ನ ಐ-94 ಅವಧಿ 2020ರ ಜೂನ್ 13ಕ್ಕೆ ಮುಗಿದಿತ್ತು. ಕೋವಿಡ್ ಕಾರಣ ವಿಮಾನ ರದ್ದಾಗಿ 2020ರ ಸೆಪ್ಟೆಂಬರ್ 5ರಂದು ಹೊರಟೆ. ವಿಸ್ತರಣೆಗೆ ಅರ್ಜಿ ಹಾಕಿರಲಿಲ್ಲ. ಈ ಹಿಂದೆ ಸಲ್ಲಿಸಿದ ಡಿಎಸ್-160ರಲ್ಲಿ ಈ ಪ್ರಶ್ನೆಗೆ ತಪ್ಪಾಗಿ ಇಲ್ಲ ಎಂದು ತುಂಬಲಾಗಿತ್ತು. ಅದನ್ನು ಇಲ್ಲಿ ಸರಿಪಡಿಸಿದ್ದೇನೆ.’

ಮೂರನೆಯ ವಾಕ್ಯ ಕಹಿಯಾಗಿದೆ, ಆದರೂ ಇರಲಿ. ಅದನ್ನು ಬಿಟ್ಟರೆ ಉಳಿದದ್ದರ ಮೇಲೂ ಅನುಮಾನ ಬರುತ್ತದೆ. ರದ್ದಾದ ಮೇ ತಿಂಗಳ ಟಿಕೆಟ್ ಹುಡುಕಿಡಿ, ಬೇರೆಲ್ಲ ಕಾಗದಕ್ಕಿಂತ ಅದು ಬೆಲೆಬಾಳುತ್ತದೆ. ಸಾಧ್ಯವಾದರೆ ಸಂದರ್ಶನಕ್ಕೆ ಮುನ್ನ ವಕೀಲರೊಬ್ಬರಿಗೆ ಅರ್ಧ ಗಂಟೆಯ ಶುಲ್ಕ ಕೊಟ್ಟು ತೋರಿಸಿ. ನಾನು ಹೇಳಿದ್ದರಲ್ಲಿ ಲೋಪವಿದ್ದರೆ ಅವರು ಹಿಡಿಯಲಿ.

ಗಿರಿಜಕ್ಕ

ಅಮ್ಮನಿಗೆ ಒಂದು ಮಾತು ಹೇಳು ತಂಗೀ. ಕೇಳಿದ್ದಕ್ಕೆ ಮಾತ್ರ ಉತ್ತರ ಎಂದು ಎಲ್ಲರೂ ಕಲಿಸುತ್ತಾರೆ. ಈ ಒಂದು ವಿಷಯವನ್ನು ಮಾತ್ರ ಕೇಳುವ ಮೊದಲೇ ಹೇಳಬೇಕು.

ತುಂಗಾತೀರ · ಆರು ವಾರದ ನಂತರ

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ವಕೀಲರಿಗೆ ತೋರಿಸಿದೆವು. ಅವರು ಒಂದು ಪದ ಬದಲಿಸಿ, ಉಳಿದದ್ದು ಸರಿಯಿದೆ ಎಂದರು. ಅಮ್ಮ, ಚಿಕ್ಕಪ್ಪ ಬೆಂಗಳೂರಿಗೆ ಬಂದು ಅಲ್ಲಿಂದ ರಾತ್ರಿ ರೈಲಿನಲ್ಲಿ ಚೆನ್ನೈಗೆ ಹೋದರು. ಒಳಗೆ ಮೊಬೈಲ್ ಬಿಡುವುದಿಲ್ಲ, ಚಿಕ್ಕಪ್ಪ ಅದನ್ನು ಹಿಡಿದುಕೊಂಡು ರಸ್ತೆಯಾಚೆ ನಿಂತಿದ್ದರು. ಇಲ್ಲಿ ನನಗೆ ನಡುರಾತ್ರಿ.

ಕಿಟಕಿಯಲ್ಲಿ ಯುವತಿಯೊಬ್ಬರಿದ್ದರಂತೆ. ಅಮ್ಮ ನಮಸ್ಕಾರ ಹೇಳಿ, ಮೂರು ದಿನದಿಂದ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದ ಇಂಗ್ಲಿಷ್ ವಾಕ್ಯವನ್ನು ಒಂದೇ ಉಸಿರಿನಲ್ಲಿ ಒಪ್ಪಿಸಿದರು: ನನ್ನ ಮೊದಲ ಅರ್ಜಿಯಲ್ಲಿ ಒಂದು ಉತ್ತರ ತಪ್ಪಾಗಿತ್ತು, ಎರಡನೆಯದರಲ್ಲಿ ತಿದ್ದಿದ್ದೇನೆ, ನಾನು ಅವಧಿ ಮೀರಿ ಇದ್ದೆ. ಆಕೆ ಪರದೆ ನೋಡುತ್ತ, “ಸೆಪ್ಟೆಂಬರ್ 5?” ಎಂದರು. ಅಮ್ಮ ಕಡತ ಬಿಚ್ಚಿಯೇ ಇರಲಿಲ್ಲ. ಬಯಲುಸೀಮೆ ಅವರೇ, ಗಮನಿಸಿ: ದಿನಾಂಕ ಆಕೆಯ ಮುಂದೆ ಆಗಲೇ ಇತ್ತು.

ಮತ್ತೆ ನಾಲ್ಕೈದು ಪ್ರಶ್ನೆ. ಯಾಕೆ ವಿಸ್ತರಣೆ ಕೇಳಲಿಲ್ಲ? ಗೊತ್ತಿರಲಿಲ್ಲ, ವೀಸಾ ದಿನಾಂಕ ನೋಡಿಕೊಂಡಿದ್ದೆವು. ಮೊದಲ ಅರ್ಜಿ ತುಂಬಿದವರು ಯಾರು? ಊರಿನ ಏಜೆಂಟ್. ನೀವು ಓದಿದ್ದಿರಾ? ಓದಿರಲಿಲ್ಲ, ಅದು ನನ್ನ ತಪ್ಪು. ಈ ಸಲ ಎಷ್ಟು ದಿನ? ನಾಲ್ಕು ತಿಂಗಳು, ಅಡಿಕೆ ಕೊಯ್ಲಿಗೆ ಮುಂಚೆ ಬರಬೇಕು. ಅಡಿಕೆ ಎಂದರೇನೆಂದು ಆಕೆ ಕೇಳಿದರಂತೆ, ಅಮ್ಮ ಕೈಯಲ್ಲಿ ಅಳತೆ ತೋರಿಸಿ ವಿವರಿಸಿದರಂತೆ. ಆಮೇಲೆ ಪಾಸ್‌ಪೋರ್ಟ್ ಇಟ್ಟುಕೊಂಡು, ಇನ್ನೂ ದಾಖಲೆ ಬೇಕೆಂದು ತಡೆಹಿಡಿಯುವ 221(ಜಿ) ಚೀಟಿ ಕೊಟ್ಟರು, ರದ್ದಾದ ಟಿಕೆಟ್ಟಿನ ಪ್ರತಿ ಕಳಿಸಿ ಎಂದು. ಕಳಿಸಿದೆವು. ಹದಿನೇಳು ದಿನ ಉಗುರು ಕಚ್ಚುತ್ತ ಕೂತಿದ್ದೆ. ನಿನ್ನೆ ಪಾಸ್‌ಪೋರ್ಟ್ ಬಂತು, ವೀಸಾ ಇದೆ.

ಬಯಲುಸೀಮೆ

ಸಂತೋಷ. ನಾನು ಹೇಳಿದ್ದು ತಪ್ಪಾಗುತ್ತಿತ್ತು, ಒಪ್ಪುತ್ತೇನೆ. ತಂದೆಯವರ ಐ-539 ಸ್ವೀಕೃತಿಯನ್ನು ಹುಡುಕಿ ಅವರ ಪಾಸ್‌ಪೋರ್ಟ್ ಜೊತೆಗೇ ಇಟ್ಟಿದ್ದೇನೆ. ಯಾರಾದರೂ ಕೇಳಿದರೆ ತೋರಿಸಬೇಕಲ್ಲ.

ಸರತಿಸಾಲು

ಅಮ್ಮ ಇಳಿದ ದಿನವೇ ಐ-94 ತೆಗೆದು ನೋಡಿ. ಪಾಸ್‌ಪೋರ್ಟ್ ಮುಗಿಯುವ ದಿನವನ್ನೂ ನೋಡಿ. ನಾಳೆ ನೋಡೋಣ ಎನ್ನಬೇಡಿ.

ಗಿರಿಜಕ್ಕ

ಆ ಏಜೆಂಟನ ಕಥೆ ಏನಾಯಿತು?

ತುಂಗಾತೀರ

ಎರಡನೆಯ ಅರ್ಜಿಗೂ ಸಲಹಾ ಶುಲ್ಕ ಬರಬೇಕು ಎಂದು ಫೋನ್ ಮಾಡಿದ್ದರು! ಅಮ್ಮ ಮಾತನಾಡಲಿಲ್ಲ. ಅವರು ತುಂಬಿದ್ದ ಮೊದಲ ಅರ್ಜಿಯ ಮುದ್ರಿತ ಪ್ರತಿಯನ್ನು ಮೇಜಿನ ಮೇಲೆ ಹರಡಿಕೊಂಡು, ಹಳೆಯ ಕೆಂಪು ಪೆನ್ನು ಹುಡುಕಿ, ಎರಡು ‘ಇಲ್ಲ’ಗಳಿಗೂ ಸುತ್ತು ಹಾಕಿ, ಅಂಚಿನಲ್ಲಿ ‘ತಿದ್ದಿ ಬರೆ’ ಎಂದು ಬರೆದು, ಚಿಕ್ಕಪ್ಪನ ಕೈಯಲ್ಲಿ ಏಜೆಂಟರ ಅಂಗಡಿಗೆ ಕಳಿಸಿಕೊಟ್ಟಿದ್ದಾರೆ.